ಕಿತ್ತು ನೋಡುವ ಕಡ್ಡಿ

ಇವತ್ತು ಗಜನಿಂಬೆಯ ಎಳೆ ಕಡ್ಡಿ ಕತ್ತರಿಸಿದಾಗ ಕೈಗೆ ಹತ್ತಿದ ಘಮ ನನ್ನನ್ನು ಶೃಂಗೇರಿಯ ದೊಡ್ಡಮ್ಮನ ಹಿತ್ತಿಲಿಗೆ ಒಯ್ದುಬಿಟ್ಟಿತು.

ದೊಡ್ಡಮ್ಮ ಇಂಥ ಕಡ್ಡಿಯ ಎಲೆಗಳನ್ನು ಹಳೆಯ ಬ್ಲೇಡಿನಿಂದ ಅರ್ಧಕ್ಕೆ ಕೊಯ್ದು, ಕಡ್ಡಿಯನ್ನು ಮರಳು ತುಂಬಿದ ತೆಂಗಿನ ಗೆರಟೆಯಲ್ಲಿ ಊರಿ, ಮೇಲೆ ಉಪ್ಪಿನಕಾಯಿ ಬಾಟಲಿ ಬೋರಲು ಹಾಕುತ್ತಿದ್ದಳು. ಬೇಸಿಗೆ ರಜೆಗೆ ಹೋಗಿದ್ದ ನಾನು ದಿನಾ ಬೆಳಿಗ್ಗೆ ಬಾಟಲಿ ಎತ್ತಿ, ಬೇರು ಬಂತಾ ಎಂದು ಕಡ್ಡಿ ಕಿತ್ತು ನೋಡಿ, ಮತ್ತೆ ಊರಿಡುತ್ತಿದ್ದೆ. ಊರಿದ್ದ ಮೂರೂ ಕಡ್ಡಿ ಕೊಳೆತವು. ಮರಳೇ ಸರಿಯಿಲ್ಲವೆಂದು ಲ್ಯಾಂಡ್‌ಲೈನಿನಲ್ಲಿ ಅಮ್ಮನಿಗೆ ದೂರು ಹೇಳಿದವಳೂ ನಾನೇ.

ದೊಡ್ಡಮ್ಮ ಬೈಯಲಿಲ್ಲ. ಮತ್ತೆ ನಾಲ್ಕು ಕಡ್ಡಿ ಊರಿ, ಒಂದು ಗೆರಟೆಯನ್ನು ನನ್ನತ್ತ ಸರಿಸಿದಳು.

"ಇದು ನಿಂಗೆ ಕಿತ್ತು ನೋಡ್ಲಿಕ್ಕೆ ಕೂಸೆ. ಉಳಿದಿದ್ದು ಅದರ ಪಾಡಿಗೆ ಇರ್ಲಿ."

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೂ ದಿನಾ ಕಿತ್ತು ನೋಡಿದೆ.

ರಜೆ ಮುಗಿದು ನಮ್ಮೂರು ಕೊಪ್ಪಕ್ಕೆ ಹೊರಡುವಾಗ ಉಳಿದ ಮೂರೂ ಕಡ್ಡಿಗಳಲ್ಲಿ ಶಾವಿಗೆಯಂಥ ಬಿಳಿ ಬೇರುಗಳಿದ್ದವು. ಒಂದನ್ನು ಬಾಳೆ ಎಲೆಯಲ್ಲಿ ಸುತ್ತಿ ನನ್ನ ಕೈಗಿಟ್ಟಳು. ನಮ್ಮ ಮನೆಯ ಉಪ್ಪಿನಕಾಯಿಗೆ ಈಗಲೂ ಅದರದೇ ಕಾಯಿ.

ಇವತ್ತು ಅದೇ ಗಿಡದ ಮೂರು ಕಡ್ಡಿ ಊರಿ, ಕೈ ತೊಳೆದು ಬರುವಷ್ಟರಲ್ಲಿ ಮಗಳು ಒಂದನ್ನು ಕಿತ್ತು ಬುಡ ನೋಡುತ್ತಿದ್ದಳು. ಬೈಯಲು ಬಾಯಿ ತೆರೆದವಳು ಅದನ್ನು ಅವಳಿಗೇ ಬಿಟ್ಟೆ. ಬ್ಲೇಡು ತೆಗೆದುಕೊಂಡು ಇನ್ನೊಂದು ಕಡ್ಡಿ ಕತ್ತರಿಸಿದೆ.