ಅರಕಲಗೂಡಿನ ಹಳೇ ವರ್ಷನ್

ಹೊಳೆನರಸೀಪುರದಲ್ಲಿ ಯೋಗಾನರಸಿಂಹಯ್ಯನವರ ಜಾತಕ ಕೇಂದ್ರಕ್ಕೆ ಹೋದವರು ಚಪ್ಪಲಿ ಹೊರಗೆ ಬಿಡಬೇಕಿತ್ತು. ಒಳಗೆ ದೇವರಿದ್ದಾನೆಂದಲ್ಲ, ಕಂಪ್ಯೂಟರ್ ಇದೆಯೆಂದು. ಅದು ಬಂದದ್ದು ತೊಂಬತ್ತನಾಲ್ಕರಲ್ಲಿ. ಅವರಪ್ಪ ಪಂಚಾಂಗ ತಿರುವಿ, ಬೆರಳು ಮಡಿಸಿ, ಮಧ್ಯಾಹ್ನದವರೆಗೆ ಕೂತು ನೋಡುತ್ತಿದ್ದ ಸಾಲಾವಳಿಯನ್ನು ಮಗ ಒಂದು ಗುಂಡಿ ಒತ್ತಿ ಮುಗಿಸುತ್ತಿದ್ದರು. ಪ್ರಿಂಟರ್ ಕರಕರ ಎನ್ನುತ್ತ ಕಾಗದ ಉಗುಳುವಾಗ ಹುಡುಗಿಯ ಅಪ್ಪ, ಹುಡುಗನ ಅಪ್ಪ ಇಬ್ಬರೂ ಕೈಮುಗಿದು ನಿಂತಿರುತ್ತಿದ್ದರು. ಪಕ್ಕದ ಮನೆಯವನಾದ ನಾನು ಇದನ್ನೆಲ್ಲ ಜಗಲಿಯ ಮೇಲಿಂದ ನೋಡುತ್ತಿದ್ದೆ.

ಸಾಲಾವಳಿ ಕೂಡಿಬರದಿದ್ದರೆ ಅವರಿಗೆ ಕಿಂಚಿತ್ತೂ ಬೇಸರವಿರಲಿಲ್ಲ. "ನಾನು ಹೇಳಿದ್ದಲ್ಲ, ಯಂತ್ರ ಹೇಳಿದ್ದು" ಎಂದು ಕೈ ತೊಳೆದುಕೊಳ್ಳುತ್ತಿದ್ದರು. ಹರದನಹಳ್ಳಿಯ ಬೆಟ್ಟಮ್ಮ ಮಗಳ ಸಂಬಂಧ ಮುರಿದ ದಿನ ಹೊಸ್ತಿಲಲ್ಲೇ ಕುಸಿದು ಕೂತಳು.

"ಇನ್ನೊಂದ್ ಕಿತ ನೋಡ್ಬುಡಿ ಸಾಮಿ. ಐಕ್ಳು ಇಬ್ರೂ ಒಪ್ಕಂಡವೆ."

"ಯಂತ್ರಕ್ಕೆ ಎರಡು ನಾಲಿಗೆ ಇಲ್ಲಮ್ಮ" ಎಂದರು ಇವರು, ಅಡಿಕೆ ಕತ್ತರಿಸುತ್ತ.

ಆಕೆ ಸೆರಗಲ್ಲಿ ಕಣ್ಣೊರೆಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದದ್ದು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ನನ್ನ ಉರಿ ಯಾರಿಗೆ ಬೇಕಿತ್ತು? ಅರಕಲಗೂಡಲ್ಲೊಂದು, ಚನ್ನರಾಯಪಟ್ಟಣದಲ್ಲೊಂದು ಶಾಖೆ ಎದ್ದವು. ಅಲ್ಲೂ ಅದೇ ಡಾಸ್ ಪ್ರೋಗ್ರಾಂ. ಶಾಖೆಯವರು ಜನ್ಮದಿನ, ಹುಟ್ಟಿದ ಹೊತ್ತು ತುಂಬಿ, ಲೆಕ್ಕ ಹಾಕಿ, ಫ್ಲಾಪಿಯನ್ನು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಸಂಜೆಗೆ ಅದು ಹೊಳೆನರಸೀಪುರ ಸೇರುತ್ತಿತ್ತು. ಇಲ್ಲಿ ಪ್ರಿಂಟಾಗಿ, ಮೊಹರು ಬಿದ್ದು, ಬೆಳಗಿನ ಬಸ್ಸಿಗೆ ಜನರ ಹಣೆಬರಹ ವಾಪಸ್ಸು ಹೋಗುತ್ತಿತ್ತು.

ಎರಡು ಸಾವಿರದ ನಾಲ್ಕರ ಹೊತ್ತಿಗೆ ಯಂತ್ರ ಮುದಿಯಾಯಿತು. ಫ್ಲಾಪಿ ನುಂಗಿದರೆ ಉಗುಳುತ್ತಿರಲಿಲ್ಲ. ಕೆಟ್ಟ ಭಾಗ ಹಾಸನದ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಅಲ್ಲಿಂದ ಬಂದ ಅರುಣ್‌ಕುಮಾರ್ ಎಂಬ ಕಂಪ್ಯೂಟರ್ ರಿಪೇರಿಯವನು, ಮೂರೂ ಕಡೆ ವಿಂಡೋಸ್ ಹಾಕಿ ಪ್ರೋಗ್ರಾಮಿನ ಹೊಸ ವರ್ಷನ್ನಿಗೆ ಹೋಗುವುದೇ ಸರಿ ಎಂದ. ಜೊತೆಗೆ ಒಂದು ಮಾತು ಸೇರಿಸಿದ.

"ಹಳೇದನ್ನ ತಕ್ಷಣ ತೆಗೀಬೇಡಿ ಸಾ. ಸ್ವಲ್ಪ ದಿನ ಎರಡೂ ಜೊತೇಲಿ ಓಡ್ಲಿ. ಉತ್ತರ ಒಂದೇ ಬತ್ತದಾ ನೋಡ್ಕಂಡು ಆಮೇಲೆ ತೆಗದ್ರಾಯ್ತು."

ಯೋಗಾನರಸಿಂಹಯ್ಯನವರಿಗೆ ಇದು ಅನಾಚಾರವಾಗಿ ಕಂಡಿತು. "ಒಂದೇ ಪೀಠದ ಮೇಲೆ ಹಳೇ ಮೂರ್ತಿ, ಹೊಸ ಮೂರ್ತಿ ಎರಡೂ ಇಟ್ಟು ಯಾರಾದ್ರೂ ಪೂಜೆ ಮಾಡ್ತಾರೇನಪ್ಪ? ಹೊಸದು ಪ್ರತಿಷ್ಠೆ ಆದ್ಮೇಲೆ ಹಳೇದು ಹೊಳೆಗೆ."

ಮುಹೂರ್ತ ಇಟ್ಟರು. ಮೂರೂ ಊರಲ್ಲಿ ಒಂದೇ ಲಗ್ನದಲ್ಲಿ ಹಳೇದನ್ನು ಅಳಿಸಿ ಹೊಸದು ಹಾಕಬೇಕೆಂದು ಫೋನಲ್ಲಿ ಅಪ್ಪಣೆಯಾಯಿತು. ಅರುಣ್‌ಕುಮಾರ್ ಹಿಂದಿನ ದಿನವೇ ಶಾಖೆಗಳಿಗೆ ಹೊಸ ಸಿ.ಡಿ. ಕೊಟ್ಟು ಬಂದ. ಹಳೆಯ ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ, ಮಂಗಳಾರತಿ ಎತ್ತಿ, ಅದರ ಹಾರ್ಡ್‌ಡಿಸ್ಕನ್ನೂ ಪ್ರೋಗ್ರಾಮಿನ ಫ್ಲಾಪಿಗಳನ್ನೂ ಹೇಮಾವತಿಯಲ್ಲಿ ಬಿಟ್ಟು ಸ್ನಾನ ಮಾಡಿ ಬಂದರು. ಅರುಣ್‌ಕುಮಾರ್ ಹೊಳೆ ದಂಡೆಯಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದ.

ಮೊದಲ ಬೋಣಿ ಮನೆಯದೇ ಆಗಲೆಂದು ಅವರ ಆಸೆ. ಮಗಳು ಗೌತಮಿಗೆ ಚನ್ನರಾಯಪಟ್ಟಣದ ಆತ್ರೇಯನ ಜೊತೆ ಮದುವೆ ನಿಶ್ಚಯವಾಗಿತ್ತು. ಹುಡುಗ ಕಾಲೇಜಲ್ಲಿ ಪಾಠ ಹೇಳುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಹಳೇ ಯಂತ್ರವೇ ಬಲು ಉತ್ತಮ ಎಂದು ಕೂಡಿಸಿದ ಸಂಬಂಧ. ಹುಡುಗನ ಅಪ್ಪ ಗಿರಿಧರರಾಯರು ನಿವೃತ್ತ ಹೆಡ್‌ಮಾಸ್ಟರು, ಕಾನೂನು ಬಿಟ್ಟು ಕೂದಲೆಳೆಯಷ್ಟೂ ಆಚೀಚೆ ಹೋಗದವರು. ಅವರನ್ನೇ ಎದುರು ಕುರ್ಚಿಯಲ್ಲಿ ಕೂರಿಸಿ, ಯೋಗಾನರಸಿಂಹಯ್ಯ ಹೊಸ ಯಂತ್ರದ ಗುಂಡಿ ಒತ್ತಿದರು.

ಬಣ್ಣಬಣ್ಣದ ಪರದೆಯ ಮೇಲೆ ಉತ್ತರ ಬಂತು. ಹಸ್ತಾ ನಕ್ಷತ್ರದಲ್ಲಿ ಹುಟ್ಟಿದ್ದ ಗೌತಮಿ ಈಗ ಚಿತ್ತಾ ನಕ್ಷತ್ರದವಳು. ಬೆಳಿಗ್ಗೆ ದೇವಗಣದಲ್ಲಿ ಕಾಫಿ ಕುಡಿದ ಹುಡುಗಿ ಮಧ್ಯಾಹ್ನಕ್ಕೆ ರಾಕ್ಷಸಗಣಕ್ಕೆ ಸೇರಿದ್ದಳು. ಹುಡುಗನದೂ ಅವಳದೂ ಒಂದೇ ನಾಡಿ. ಕೆಳಗೆ ಕೆಂಪಕ್ಷರದಲ್ಲಿ: ವಿವಾಹ ವರ್ಜ್ಯ.



"ಹಳೇದು ಒಂದ್ ಪಂಚಾಂಗದ ಲೆಕ್ಕದ್ದು ಸಾ, ಹೊಸದು ಇನ್ನೊಂದರದ್ದು. ನಕ್ಷತ್ರದ ಅಂಚಲ್ಲಿ ಹುಟ್ದೋರು ಆಚೆ ಈಚೆ ಆಯ್ತಾರೆ" ಎಂದು ಅರುಣ್‌ಕುಮಾರ್ ಗೋಡೆಗೆ ಒರಗಿ ಹೇಳಿದ. "ಅದಕ್ಕೇ ಎರಡೂ ಇರ್ಲಿ ಅಂದಿದ್ದು."

ಗಿರಿಧರರಾಯರು ಎದ್ದು ಉತ್ತರೀಯ ಕೊಡವಿದರು. "ಯಂತ್ರಕ್ಕೆ ಎರಡು ನಾಲಿಗೆ ಇಲ್ಲ ಅಂತ ನೀವೇ ಹೇಳ್ತಿದ್ರಿ, ಜೋಯಿಸರೇ." ಅಷ್ಟು ಹೇಳಿ ಚನ್ನರಾಯಪಟ್ಟಣದ ಬಸ್ಸು ಹತ್ತಿದರು.

ಆ ಮನೆಯಲ್ಲಿ ಎರಡು ದಿನ ಒಲೆ ಹೊತ್ತಿದ್ದು ಕಾಣೆ. ಗೌತಮಿ ಅಳಲಿಲ್ಲ. ತಾಯಿ ಚೂಡಾಮಣಮ್ಮ ಮಾತ್ರ ಬೀದಿಗೆಲ್ಲ ಕೇಳುವ ಹಾಗೆ, "ಹೋಗಿ, ಹೊಳೇಲಿ ಮುಳುಗಿ ಹುಡುಕಿಕೊಂಡು ಬನ್ನಿ ಆ ಹಾಳು ಡಬ್ಬೀನ" ಎಂದು ಗಂಡನನ್ನು ತರಾಟೆಗೆ ತೆಗೆದುಕೊಂಡರು. ಅವರು ಹೋಗಿಯೂ ಹೋದರು. ಮೊಣಕಾಲುದ್ದ ನೀರಲ್ಲಿ ಪಂಚೆ ಎತ್ತಿಕೊಂಡು ತಡಕಾಡುವುದನ್ನು ಬಟ್ಟೆ ಒಗೆಯುವವರೆಲ್ಲ ನೋಡಿದರು. ನಾನು ನಗಬೇಕೆಂದೇ ಹೋಗಿದ್ದೆ, ನಗು ಬರಲಿಲ್ಲ.

ಮೂರನೆಯ ದಿನ ಅರಕಲಗೂಡು ಶಾಖೆಯ ಲಕ್ಕಯ್ಯನ ಫೋನು ಬಂತು. ಜೆರಾಕ್ಸ್ ಅಂಗಡಿಯ ಮೂಲೆಯಲ್ಲೇ ಅವನು ಶಾಖೆ ನಡೆಸುತ್ತಿದ್ದ. ದನಿಯಲ್ಲಿ ಭಯವಿತ್ತು.

"ತಪ್ಪಾಯ್ತು ಸಾ, ಬೈಬ್ಯಾಡಿ. ನೀವೇಳಿದ್ ಮೂರ್ತದಲ್ಲಿ ಇಲ್ಲಿ ಕರೆಂಟೇ ಇರ್ನಿಲ್ಲ. ಮೂರ್ತ ತಪ್ಪುದ್ ಮ್ಯಾಕೆ ಹೊಸದ ಎಂಗ್ ಹಾಕನಾ ಅಂತ ಹಳೇದ್ನೇ ಇಟ್ಕಂಡಿವ್ನಿ."

"ಮುಟ್ಟಬೇಡ ಲಕ್ಕಯ್ಯ! ಉಸಿರು ಕೂಡ ಬಿಡಬೇಡ ಅದರ ಮೇಲೆ!" ಎಂದು ಕೂಗಿದ್ದು ನಮ್ಮ ಅಡುಗೆಮನೆಗೆ ಕೇಳಿಸಿತು. ಕರೆಂಟ್ ಇಲಾಖೆಗೆ ದಿನವೂ ಶಾಪ ಹಾಕುತ್ತಿದ್ದವರು ಅವತ್ತು ಆಶೀರ್ವಾದ ಮಾಡುತ್ತ ಅರಕಲಗೂಡಿನ ಬಸ್ಸಿಗೆ ಓಡಿದರು. ಹಳೇ ವರ್ಷನ್ನಿನಲ್ಲಿ ಗೌತಮಿ ಮತ್ತೆ ದೇವಗಣಕ್ಕೆ ಬಂದಳು.

ಆದರೆ ಗಿರಿಧರರಾಯರು ಒಪ್ಪಬೇಕಲ್ಲ. ಒಂದು ಶಾಖೆ ಆಗುತ್ತದೆ ಅಂದರೆ ಇನ್ನೊಂದು ಆಗಲ್ಲ ಅನ್ನುತ್ತಿದೆ, ಯಾವುದು ಊರ್ಜಿತ ಎಂದು ಕೇಳಿದರು. ಎರಡೂ ನಾನೇ ಹಾಕಿಸಿದ ಲೆಕ್ಕ, ಮಕ್ಕಳು ಒಪ್ಪಿದ್ದಾರೆ, ಸಾಕು ಬಿಡಿ ಎನ್ನುವ ಒಂದು ಮಾತು ಯೋಗಾನರಸಿಂಹಯ್ಯನವರ ಗಂಟಲವರೆಗೆ ಬಂದಿರಲೂಬಹುದು. ಆಡಿದರೆ ಕೇಂದ್ರದ ಬಾಗಿಲು ಮುಚ್ಚಬೇಕು. ಆಡಲಿಲ್ಲ. ಆಯಾ ಶಾಖೆಯ ಫಲ ಆಯಾ ತಾಲ್ಲೂಕಿಗೆ ಅನ್ವಯ ಎಂದು ಗಂಭೀರವಾಗಿ ತೀರ್ಪು ಕೊಟ್ಟರು. ಹೆಡ್‌ಮಾಸ್ಟರಿಗೆ ಇದು ಸರ್ಕಾರಿ ಆದೇಶದ ಹಾಗೆ ಕೇಳಿಸಿತೋ ಏನೋ, ಸ್ವಲ್ಪ ಯೋಚಿಸಿ ತಲೆಯಾಡಿಸಿದರು.

"ಹಾಗಾದ್ರೆ ಮದುವೆ ಅರಕಲಗೂಡಲ್ಲೇ ಆಗ್ಲಿ."

ಹೊಳೆನರಸೀಪುರದ ಛತ್ರ ಬಿಟ್ಟರು, ಅರಕಲಗೂಡಲ್ಲಿ ಛತ್ರ ಹಿಡಿದರು. ಲಕ್ಕಯ್ಯ ಯಂತ್ರ ಆರಿಸಕೂಡದು, ಮದುವೆ ಮುಗಿಯುವವರೆಗೆ ಅದರ ಪಕ್ಕವೇ ಮಲಗಬೇಕು ಎಂದಾಯಿತು. ಮದುವೆ ಹಿಂದಿನ ದಿನ ಬೆಳಿಗ್ಗೆ ಪಾತ್ರೆ ಪಡಗ, ಹೂವು ಹಣ್ಣು ತುಂಬಿದ ವ್ಯಾನು ಹೊರಟಿತು. ಇದ್ದ ಜಾಗದಲ್ಲಿ ನನ್ನನ್ನೂ ತುರುಕಿದರು. ಯೋಗಾನರಸಿಂಹಯ್ಯ ಬಹಳ ಗೆಲುವಾಗಿದ್ದರು.

"ನೋಡಿದ್ಯೇನಮ್ಮ ಗೌತಮಿ, ಅರಕಲಗೂಡು ಇತ್ತು ಅಂತ ನಾವು ಬದುಕಿದ್ವಿ."

ಗೌತಮಿ ಕಿಟಕಿಯಾಚೆಯ ಗದ್ದೆ ನೋಡುತ್ತಿದ್ದಳು. ತಿರುಗಲಿಲ್ಲ.

"ಅಪ್ಪ, ನೀವು ಆಗಲ್ಲ ಅಂತ ವಾಪಸ್ ಕಳಿಸಿದ್ರಲ್ಲ ಅಷ್ಟೊಂದ್ ಜನ" ಎಂದಳು. "ಅವರು ಯಾವ ಅರಕಲಗೂಡಿಗೆ ಹೋಗ್ಬೇಕಿತ್ತು?"