ದಿನವೂ ಸಾಯುತ್ತಿದ್ದ ಅಂಕಲ್

ಮೊನ್ನೆ ಇಲ್ಲಿ ಮಲೇಷ್ಯಾದ ಸುಬಾಂಗ್ ಜಯಾದಲ್ಲಿ ಮಗಳ ಕಾಲೇಜಿನ ನಾಟಕ. ಅವಳಿಗೆ ಮೀಸೆ ಅಂಟಿಸಲು ಗೋಂದಿನ ಶೀಶೆ ತೆರೆದೆ. ಆ ಘಾಟು ಮೂಗಿಗೆ ಬಡಿದದ್ದೇ ಮಾಂಟ್ ಕಿಯಾರಾದ ನಮ್ಮ ಹಳೆಯ ಫ್ಲ್ಯಾಟು, ಪಕ್ಕದ ಬಾಲ್ಕನಿಯ ಇಂಗ್ಲಿಷ್ ಅಂಕಲ್ ನೆನಪಾಗಿ ನಗು ಬಂತು...

ಇಂಗ್ಲೆಂಡಿನ ಸಿನಿಮಾ, ಟೀವಿ ಧಾರಾವಾಹಿಗಳಲ್ಲಿ ಜೀವನವಿಡೀ ಸಣ್ಣಪುಟ್ಟ ಪಾತ್ರ ಮಾಡಿದವರು ಅವರು. ಪಾದ್ರಿ, ಪೇದೆ, ಗುಮಾಸ್ತ. ಎಲ್ಲಕ್ಕಿಂತ ಹೆಚ್ಚಾಗಿ ಹೆಣ. "ನಾನು ಸತ್ತರೆ ತಾನೇ ಹೀರೋಗೆ ಕೆಲಸ!" ಎಂದು ಹೆಮ್ಮೆಯಿಂದಲೇ ಹೇಳುತ್ತಿದ್ದರು. ಹೆಂಡತಿ ಮಲೇಷ್ಯಾದವರು, ಅವರು ತೀರಿಕೊಂಡ ಮೇಲೂ ಅಂಕಲ್ ಇಲ್ಲೇ ಉಳಿದಿದ್ದರು.

ಧಾರವಾಡದಿಂದ ನಮ್ಮನ್ನು ನೋಡಲು ಬಂದ ಅವ್ವ ಲಾಕ್‌ಡೌನಿನಲ್ಲಿ ಸಿಕ್ಕಿಕೊಂಡಳು. ಅಷ್ಟರಲ್ಲಿ ಊರಲ್ಲಿ ಅವಳ ತಂಗಿ, ನನ್ನ ಚಿಗವ್ವ, ಹೋಗಿಬಿಟ್ಟಳು. ಕೊನೆಯ ಸಲ ಮುಖ ನೋಡಲಿಕ್ಕೂ ಆಗಲಿಲ್ಲ. ಅವ್ವ ಮಾತು ಬಿಟ್ಟಳು, ಊಟ ಬಿಟ್ಟಳು, ಬಾಲ್ಕನಿಯಲ್ಲಿ ಕೂತುಬಿಟ್ಟಳು.

ಒಂದು ಸಂಜೆ ಅಂಕಲ್ ತಮ್ಮ ಬಾಲ್ಕನಿಯಿಂದ ಅವಳಿಗೆ ಬಾಗಿ ವಂದಿಸಿ, ಟೀ ಹೀರಿ, ಗಂಟಲು ಹಿಡಿದುಕೊಂಡು, ಕುರ್ಚಿ ಸಮೇತ ಉರುಳಿ ಸತ್ತರು! ಚಿಗವ್ವನ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಅವ್ವನನ್ನು ಒಳಗೆ ಕರೆಯಲು ನಾನು ಎದ್ದೆ. ಅವ್ವ ಕಂಬಿ ಹಿಡಿದು ಇಣುಕಿದಳು. ಅಂಕಲ್ ಮೆಲ್ಲಗೆ ಒಂದು ಕಣ್ಣು ತೆರೆದರು.

"ಅಯ್ಯ, ಇನ್ನೂ ಜೀವ ಐತಿ!" ಎಂದು ಅವ್ವ ಬಿದ್ದು ಬಿದ್ದು ನಕ್ಕಳು. ಅಂದು ಹೊಟ್ಟೆತುಂಬ ಉಂಡಳು.

ಆಮೇಲೆ ಸಂಜೆಗೊಂದು ಸಾವು. ಬಾಣ, ಗುಂಡು, ಹಾವು... ಅವ್ವ ವಿಮರ್ಶೆಯನ್ನೂ ಶುರು ಮಾಡಿದಳು: "ಇವತ್ತ ಭಾಳ ಲಗೂನ ಸತ್ತ್ರು ಅಂತ ಹೇಳ." ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದರೆ, ಅಂಕಲ್ ಎದ್ದು ಬಂದು ಇನ್ನೊಮ್ಮೆ ನಿಧಾನವಾಗಿ ಸಾಯುತ್ತಿದ್ದರು.

ಒಮ್ಮೆ ಅವ್ವ ಅಂದಳು: "ದಿನಾ ಯಾಕ ಸಾಯ್ತಾರ? ಒಮ್ಮ್ಯಾರ ಗೆಲ್ಲಲಿ."

"ಅಂಕಲ್, ಅಜ್ಜಿ ವಾಂಟ್ಸ್ ಯು ಟು ವಿನ್ ಲಾ!" ಎಂದಳು ಮಗಳು, ಇಲ್ಲಿಯವರಂತೆ ಮಾತಿನ ಕೊನೆಗೊಂದು 'ಲಾ' ಸೇರಿಸಿ.

ಇಷ್ಟು ವರ್ಷಗಳಲ್ಲಿ ಯಾವ ನಿರ್ದೇಶಕರೂ ತಮಗೆ ಹಾಗೆ ಹೇಳಿರಲಿಲ್ಲ ಅಂದರು ಅಂಕಲ್.

ಮರುದಿನ ಅಂಕಲ್‌ಗೆ ಗೋಂದು ಹಚ್ಚಿದ ಭರ್ಜರಿ ಮೀಸೆ, ತಲೆಗೆ ಟವೆಲಿನ ರುಮಾಲು. ನಮ್ಮ ಬಾಲ್ಕನಿಯಲ್ಲಿ ಸೌಟು ಹಿಡಿದ ನನ್ನ ಗಂಡನೇ ಖಳನಾಯಕ. ಅವ್ವ ಕಲಿಸಿದ "ಯಾರಲೇ ನೀ?" ಅಂಕಲ್ ಬಾಯಲ್ಲಿ "ಯಾರ್ ಲಾ ನೀ?" ಆಗಿ ಗುಡುಗಿತು. ನೆಲ ಒರೆಸುವ ಕೋಲು ಬೀಸಿದರು, ನನ್ನ ಗಂಡ ಬಿದ್ದ. ಮೇಲಿನ, ಕೆಳಗಿನ ಮಹಡಿಗಳಿಂದೆಲ್ಲ ಚಪ್ಪಾಳೆ. ಅಂಕಲ್ ಮೀಸೆ ತಿರುವಲು ಹೋದರೆ ಅದು ಕೈಗೇ ಬಂತು!

ಗಡಿಗಳು ತೆರೆದವು. ಅವ್ವ ಊರಿಗೆ ಹೋದಳು, ಅಂಕಲ್ ಇಂಗ್ಲೆಂಡಿಗೆ. ಹೋದ ವರ್ಷ ಅಲ್ಲಿಯೇ ತೀರಿಕೊಂಡರು... ಈ ಸಲ ಅದು ನಿಜ.

ಮಗಳ ನಾಟಕಕ್ಕೆಂದು ಅವ್ವ ಈಗ ಮತ್ತೆ ಬಂದಿದ್ದಾಳೆ. ನಿನ್ನೆ ಎಲ್ಲರೂ ಕೂತು ಅಂಕಲ್ ಇದ್ದ ಹಳೆಯ ಸಿನಿಮಾ ಹಾಕಿದೆವು. ಅದರಲ್ಲಿ ಅವರು ಮನೆಯಾಳು. ಕರೆಗಂಟೆ ಕೇಳಿ ಬಂದು, ನಾಯಕನಿಗೆ ಬಾಗಿಲು ತೆರೆದು ತಲೆಬಾಗುತ್ತಾರೆ, ಅಷ್ಟೇ.

"ತಡಿ, ಮತ್ತ ಹಾಕ," ಎಂದಳು ಅವ್ವ. ಹಾಕಿದೆವು. ಅವರು ತಲೆಬಾಗಿದೊಡನೆ ಹಿಂದಕ್ಕೆ ತಂದು ಮತ್ತೆ, ಮತ್ತೆ... ಬಾಗಿಲಾಚೆ ನಿಂತಿದ್ದ ನಾಯಕ ಒಳಗೆ ಬರಲೇ ಇಲ್ಲ.