ಮಿಕ್ಸಿ ದುಡ್ಡಿನ ರೇಡಿಯೋ

ಎಂಬತ್ತರ ದಶಕದ ಆರಂಭದಲ್ಲಿ ನಾವು ಮತ್ತಿಕೆರೆಯಲ್ಲಿದ್ದೆವು. ನಾನು ಜಾಲಹಳ್ಳಿ ಕಡೆಯ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಬೆಸುಗೆ ಹಾಕುವ ಕೆಲಸ ಮಾಡುತ್ತಿದ್ದೆ. ಅತ್ತೆ ಜೋಪಾನವಾಗಿ ಇಟ್ಟುಕೊಂಡಿದ್ದ, ಗಾಜಿನ ವಾಲ್ವ್‌ಗಳ ಹಳೇ ರೇಡಿಯೋ ಕೆಟ್ಟು ಮೂಲೆ ಸೇರಿತ್ತು. ರಿಪೇರಿ ಅಂಗಡಿಯವನು, "ಟ್ರಾನ್ಸ್‌ಫಾರ್ಮರ್ ಸುಟ್ಟೋಗಿದೆ ಕಣಮ್ಮ. ಇದಕ್ಕೆ ಹಾಕೋ ದುಡ್ಡಲ್ಲಿ ಹೊಸ ಟ್ರಾನ್ಸಿಸ್ಟರ್ರೇ ಬರುತ್ತೆ" ಎಂದು ವಾಪಸ್ ಕಳಿಸಿದ್ದ.

ನಾನೇ ಸರಿಮಾಡುತ್ತೇನೆಂದು ಹಟ ಹಿಡಿದೆ. ಆ ಸಲದ ಬೋನಸ್ಸಿನಲ್ಲಿ ಮಿಕ್ಸಿ ತರುವುದೆಂದು ಮನೆಯಲ್ಲಿ ಮಾತಾಗಿತ್ತು. ಬಿಡಿಭಾಗಗಳ ಬೆಲೆ ವಿಚಾರಿಸಿದರೆ ಆ ದುಡ್ಡಷ್ಟೂ ರೇಡಿಯೋಗೇ ಹೋಗುವಂತಿತ್ತು. ಅಳುಕುತ್ತಲೇ ಅತ್ತೆಗೆ ಹೇಳಿದೆ. ಅವರು ಒರಳಿನ ಮುಂದೆ ಕೂತು ಚಟ್ನಿ ರುಬ್ಬುತ್ತಿದ್ದರು.

"ಇನ್ನೊಂದು ವರ್ಷ ರುಬ್ತೀನಿ ಬಿಡೇ. ನೀನು ಅದನ್ನ ಹಾಡ್ಸು" ಎಂದರು.

ನನ್ನ ಭಾನುವಾರಗಳೆಲ್ಲ ಅದಕ್ಕೇ ಹೋದವು. ಮೊದಲ ಸಲ ಹಾಕಿದಾಗ ಬರೀ ಗುಂಯ್ ಎಂದಿತು. ಅತ್ತೆಯ ಮುಖ ನೋಡಲಾಗಲಿಲ್ಲ. ಮತ್ತೆ ಬಿಚ್ಚಿ ಒಂದೊಂದೇ ಬೆಸುಗೆ ಮುಟ್ಟಿ ನೋಡಿದೆ. ಅರ್ತ್ ತಂತಿಯ ಬೆಸುಗೆ ಬಿಟ್ಟುಕೊಂಡಿತ್ತು.

ಅದನ್ನು ಕೂಡಿಸಿ ಸ್ವಿಚ್ ಹಾಕಿದೆ. ವಾಲ್ವ್‌ಗಳು ಕೆಂಪಗೆ ಕಾದವು. ಆಮೇಲೆ ನಿಧಾನವಾಗಿ ನಾಗಸ್ವರ ಎದ್ದು ಮನೆಯನ್ನೆಲ್ಲ ತುಂಬಿತು. ಎಂಥ ತುಂಬು ದನಿ! ಅತ್ತೆ ಸೆರಗು ಸಿಕ್ಕಿಸಿಕೊಂಡು ಬೀದಿಗೇ ಓಡಿದರು.

"ಬನ್ರೀ, ಕೇಳ್ರೀ! ಅಂಗಡಿಯವನ ಕೈಲಿ ಆಗ್ಲಿಲ್ಲ, ನನ್ ಸೊಸೆ ಮಾಡಿದ್ಲು!"

ಆ ಬೆಳಿಗ್ಗೆ ನಮ್ಮ ಹಜಾರದಲ್ಲಿ ಕೂರಲು ಜಾಗವಿರಲಿಲ್ಲ. ನಾನು ಬಾಗಿಲಿಗೊರಗಿ ನಿಂತೇ ಕೇಳಿದೆ.